ಎತೆಲ್ಕಾ ನೇನಿಯ ಮುಚ್ಚಿದ ಕಿಟಕಿ

ಎರಡನೇ ಪೀರಿಯಡ್ ಮುಗಿದ ಬೆಲ್ ಹೊಡೆದಾಗ ಬೆರೆಕ್‌ವಾರ್ ಹೈಸ್ಕೂಲಿನ ಸ್ಟಾಫ್‌ರೂಮಿನಲ್ಲಿದ್ದವರೆಲ್ಲ ಕಾಫಿಯ ಕಡೆ ಕೈ ಚಾಚಿದರು. ಸಂಗೀತದ ಟೀಚರ್ ಎತೆಲ್ಕಾ ಮಾತ್ರ ಕಣ್ಣು ಮುಚ್ಚಿಕೊಂಡರು, ಹುಳುಕು ಹಲ್ಲಿಗೆ ತಣ್ಣೀರು ತಾಗಿದವರ ಹಾಗೆ.

"ಕಾಲು ಸ್ವರ ಕೆಳಗಿದೆ, ರೆಝೋ."

ಬೀಗದ ಕೈ ಗೊಂಚಲು ಹಿಡಿದು ಬಾಗಿಲಲ್ಲಿ ನಿಂತಿದ್ದ ರೆಝೋ ಶಾಲೆಯ ಅಟೆಂಡರ್. ಬೆಲ್ಲು, ಬಾಯ್ಲರು, ಬೀಗ ಮೂರೂ ಅವರ ಸುಪರ್ದಿಗೆ ಸೇರಿದ್ದು.

"ಹೋದ ವರ್ಷಾನೂ ಇದನ್ನೇ ಹೇಳಿದ್ರಿ, ಮೇಡಂ. ಬೆಲ್ ಹೊಡೆದ್ರೆ ಮಕ್ಕಳು ಒಳಗೆ ಹೋಗ್ತವೆ, ಇನ್ನೊಂದ್ಸಲ ಹೊಡೆದ್ರೆ ಹೊರಗೆ ಬರ್ತವೆ. ಇನ್ನೇನು ಮಾಡ್ಬೇಕು ಅದು, ಕಛೇರಿ ಕೊಡ್ಬೇಕಾ?"

"ಕೊಟ್ರೆ ಬೇಡ ಅಂತೀನಾ?" ಎಂದರು ಎತೆಲ್ಕಾ, ನಗದೆ.

ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಗಣಿತದ ಗೆಡೆಯೊನ್ ಪೆನ್ನು ಕೆಳಗಿಟ್ಟರು. ಅವರೂ ಎತೆಲ್ಕಾ ಅವರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಅಕ್ಕಪಕ್ಕದ ಬೀದಿಯಲ್ಲಿ ವಾಸ ಮಾಡುವವರು. ಹಾಗಾಗಿ ಒಬ್ಬರನ್ನೊಬ್ಬರು ಕಾಡುವ ಹಕ್ಕು ಇಬ್ಬರಿಗೂ ಇದೆ.

"ಬೆಲ್ ವಿಷಯ ಬಿಡು. ಶುಕ್ರವಾರದ ಕಥೆ ಏನು? ಈ ಸಲವಾದ್ರೂ ಮಕ್ಕಳನ್ನ ನಮ್ಮ ಮನೆಗೆ ಬಿಡ್ತೀಯೋ ಇಲ್ವೋ?"

ಶುಕ್ರವಾರದ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಲೈಲಾಕ್ ಹೂಬಿಡುವ ಏಪ್ರಿಲ್ ಕೊನೆಯಲ್ಲಿ, ಶಾಲೆ ಬಿಡುವ ಹನ್ನೆರಡನೇ ತರಗತಿಯವರು ಸಂಜೆ ಹೊತ್ತು ಗುಂಪಾಗಿ ಹೊರಟು ಒಬ್ಬೊಬ್ಬ ಟೀಚರ ಕಿಟಕಿಯ ಕೆಳಗೂ ನಿಂತು ಹಾಡುತ್ತಾರೆ. ಟೀಚರ್ ಮಾಡಬೇಕಾದದ್ದು ಇಷ್ಟೇ. ಒಳಗೆ ದೀಪ ಆರಿಸಿ ನಿಂತು ಕೇಳಬೇಕು. ಹಾಡು ಮುಗಿದ ಮೇಲೆ ದೀಪ ಹಚ್ಚಿ, ಬಾಗಿಲು ತೆರೆದು, ಪೊಗಾಚಾ ಕೊಡಬೇಕು. ಅಂಗೈಯಷ್ಟೂ ಇಲ್ಲದ ಈ ಉಪ್ಪು ಬನ್ನು ಯಾರ ಮನೆಯದು ಮೆತ್ತಗಿತ್ತು, ಯಾರದು ಕಲ್ಲಾಗಿತ್ತು ಎಂಬುದು ಮರುದಿನ ಬೆಳಗ್ಗೆ ಬ್ರೆಡ್ ಅಂಗಡಿಯ ಸಾಲಿನಲ್ಲಿ ಚರ್ಚೆಯಾಗುತ್ತದೆ.

ಎತೆಲ್ಕಾ ಎಂದೂ ಹಾಡು ಮುಗಿಯುವವರೆಗೆ ಕಾದವರಲ್ಲ. ಎರಡನೇ ಸಾಲಿಗೇ ಕಿಟಕಿ ಧಡಾರನೆ ತೆರೆದುಕೊಳ್ಳುತ್ತಿತ್ತು. "ಹಿಂದಿನ ಸಾಲಿನವರು ನಿದ್ದೆ ಮಾಡ್ತಿದ್ದೀರಾ? ಮೊದಲಿಂದ!" ಕಳೆದ ವರ್ಷದ ತರಗತಿ ಅವರ ಕಿಟಕಿಯ ಕೆಳಗೆ ಒಂದೇ ಹಾಡನ್ನು ಏಳು ಸಲ ಹಾಡಿ, ಕತ್ತಲಾದ ಮೇಲೆ ಪಕ್ಕದ ಬೀದಿಗೆ ಹೋಗಿತ್ತು.

"ನಮ್ಮನೆ ಮುಂದೆ ಅವರು ಹಾಡ್ಲಿಲ್ಲ, ಕೆಮ್ಮಿದ್ರು," ಎಂದರು ಗೆಡೆಯೊನ್. "ನನ್ನ ಹೆಂಡ್ತಿ ಪೊಗಾಚಾ ಬದಲು ಕಷಾಯ ಕೊಟ್ಟು ಕಳಿಸಿದ್ಲು."

"ಏಳನೇ ಸಲ ಚೆನ್ನಾಗಿ ಹಾಡಿದ್ರು."

"ನಿನಗೆ!"

ಎತೆಲ್ಕಾ ಅವರ ಕಿವಿ ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲ. ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಅಮ್ಮ ಹಾಡಿದರೆ ಕೋಳಿಗಳು ಗೂಡು ಸೇರುತ್ತಿದ್ದವಂತೆ. ಸೆಗೆಡ್ ನಗರದಲ್ಲಿ ಸಂಗೀತ ಓದಿ ಇಪ್ಪತ್ತಮೂರನೇ ವಯಸ್ಸಿಗೆ ಬೆರೆಕ್‌ವಾರ್‌ಗೆ ಬಂದ ಎತೆಲ್ಕಾ ಅಂದಿನಿಂದ ಊರಿನ ಎಲ್ಲ ಸದ್ದುಗಳ ಮೇಲೂ ಕಣ್ಣಿಟ್ಟಿದ್ದಾರೆ. ಐಸ್‌ಕ್ರೀಂ ಗಾಡಿಯವನು ತನ್ನ ಗಂಟೆಯ ಬಗ್ಗೆ ಎರಡು ಬೇಸಿಗೆ ಪಾಠ ಕೇಳಿಸಿಕೊಂಡು, ಮೂರನೆಯ ಬೇಸಿಗೆಯಿಂದ ಅವರ ಬೀದಿಯನ್ನು ಸುತ್ತುಬಳಸಿ ಹೋಗುತ್ತಾನೆ. ಅವರ ಮದುವೆ ನಡೆದದ್ದು ಪುರಸಭೆಯ ಕಚೇರಿಯಲ್ಲಿ. ಒಪ್ಪಿಗೆ ಹೇಳಿ, ಸಹಿ ಹಾಕಿ, ಮದುವೆಯಾದ ಹೆಂಗಸಾಗಿ ಅವರು ಆಡಿದ ಮೊದಲ ಮಾತು ಗುಮಾಸ್ತನಿಗೆ: "ನಿಮ್ಮ ಮದುವೆ ಹಾಡಿನ ಟೇಪು ನಿಧಾನ ಓಡ್ತಿದೆ."

ಹಳೆಯ ಹೆಡ್‌ಮಾಸ್ಟರು ತೀರಿಕೊಂಡಾಗಲೂ ಅಷ್ಟೇ. ಸಮಾಧಿಯ ಪಕ್ಕ ಶಾಲೆಯ ಗುಂಪು ಶೋಕಗೀತೆ ಹಾಡುತ್ತಿತ್ತು. ಎತೆಲ್ಕಾ ಹೂಗುಚ್ಛಗಳ ಮಧ್ಯೆ ದಾರಿ ಮಾಡಿಕೊಂಡು ಆ ಬದಿಗೆ ಹೋಗಿ, ದಪ್ಪ ದನಿಯವರ ಕಿವಿಯಲ್ಲಿ ಸರಿಯಾದ ಶ್ರುತಿ ಗುನುಗಿ, ಮತ್ತೆ ಈ ಬದಿಗೆ ಬಂದು ಅಳು ಮುಂದುವರಿಸಿದರು. ಹೆಡ್‌ಮಾಸ್ಟರ ಹೆಂಡತಿ ಬೇಸರಪಟ್ಟುಕೊಳ್ಳಲಿಲ್ಲ. "ಅವರೂ ಬದುಕಿದ್ದಷ್ಟು ದಿನ ನಿಮಗೆ ಹೆದರ್ತಿದ್ರು," ಎಂದು ಕೈ ಹಿಡಿದುಕೊಂಡರು.

ಕೆಟ್ಟವರಲ್ಲ ಅವರು. ತಪ್ಪಿದ ಸ್ವರವನ್ನು ಹಾಗೇ ಬಿಟ್ಟು ಹೋಗುವುದೆಂದರೆ ಅವರಿಗೆ ಕೊಟ್ಟಿಗೆಯ ಬಾಗಿಲು ತೆರೆದಿಟ್ಟು ಮಲಗಿದಂತೆ. ಅಷ್ಟೇ.

ಆ ಹೊತ್ತಿಗೆ ಸ್ಟಾಫ್‌ರೂಮಿನ ಬಾಗಿಲು ತಟ್ಟಿದ ಸದ್ದಾಯಿತು. ಹನ್ನೆರಡನೇ 'ಬಿ' ತರಗತಿಯ ಬೊಗ್ಲಾರ್ಕಾ ಒಳಗೆ ಬಂದಳು. ತರಗತಿಯ ಪರವಾಗಿ ಮಾತಾಡುವುದು ಯಾವಾಗಲೂ ಇವಳೇ. ಕೈ ಹಿಂದೆ ಕಟ್ಟಿಕೊಂಡಿದ್ದಳು. ಅದು ಒಳ್ಳೆಯ ಲಕ್ಷಣವಲ್ಲ.

"ಎತೆಲ್ಕಾ ನೇನಿ, ಒಂದು ಮಾತು ಹೇಳ್ಬೇಕಿತ್ತು. ಬೈಬಾರ್ದು."

ಟೀಚರನ್ನು ಹೀಗೆ ಚಿಕ್ಕಮ್ಮನ ಹಾಗೆ ನೇನಿ ಎಂದೂ, ಮೇಷ್ಟ್ರನ್ನು ಚಿಕ್ಕಪ್ಪನ ಹಾಗೆ ಬಾಚಿ ಎಂದೂ ಕರೆಯುವ ರೂಢಿ ಈ ಶಾಲೆಯಲ್ಲಿ ಇನ್ನೂ ಉಳಿದಿದೆ.

"ಬೈಯ್ಯೋ ಅಂಥದ್ದಾ?"

"ಶುಕ್ರವಾರ ನಿಮ್ಮ ಮನೆಗೆ ಬರ್ತೀವಿ. ಆದ್ರೆ ಹಾಡು ಮುಗಿಯೋವರೆಗೆ ನೀವು ಕಿಟಕಿ ತೆರೀಬಾರ್ದು. ಬಾಯೂ ತೆರೀಬಾರ್ದು. ತೆರೆದ್ರೆ ನಾವು ಅಲ್ಲಿಗೇ ನಿಲ್ಲಿಸಿ ಗೆಡೆಯೊನ್ ಬಾಚಿ ಮನೆಗೆ ಹೊರಟುಬಿಡ್ತೀವಿ. ಒಳಗೆ ಬರಲ್ಲ, ತಿನ್ನಲ್ಲ." ಹುಡುಗಿ ಉಸಿರು ಎಳೆದುಕೊಂಡಳು. "ಕ್ಲಾಸಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡಿದ್ದು."

ಗೆಡೆಯೊನ್ ಮೀಸೆಯ ಕೆಳಗೆ ನಗುತ್ತಿದ್ದರು. ರೆಝೋಗೆ ಬೇರೆಲ್ಲೋ ಕೆಲಸವಿತ್ತು, ಆದರೂ ಹೋಗಲಿಲ್ಲ.

ಎತೆಲ್ಕಾ ಕಾಫಿ ಲೋಟವನ್ನು ಎರಡು ಸಲ ತಿರುಗಿಸಿದರು. 'ಬಿ' ತರಗತಿ ಅವರ ಗುಂಪುಗಾನದ ತರಗತಿ. ನಾಲ್ಕು ವರ್ಷ ಕೂರಿಸಿ ಹಾಡಿಸಿದ ಮಕ್ಕಳು. ಇಷ್ಟು ವರ್ಷದಲ್ಲಿ ಇಂಥ ದನಿಗಳು ಒಟ್ಟಿಗೆ ಸಿಕ್ಕಿರಲಿಲ್ಲ. ಅವರಿಗೆ ಎದುರಿಗೆ ಹೇಳಿರಲಿಲ್ಲ, ಅದು ಬೇರೆ ಮಾತು. ಆ ದನಿಗಳು ಪಕ್ಕದ ಬೀದಿಗೆ ಹೋಗಿ, ತಾವು ಒಳಗೆ ಗೋಡೆಗೆ ಕಿವಿಗೊಟ್ಟು ನಿಲ್ಲಬೇಕಾದೀತೆಂದು ನೆನೆಸಿಕೊಂಡು ಲೋಟವನ್ನು ಮೇಜಿನ ಮೇಲಿಟ್ಟರು.

"ಸರಿ," ಎಂದರು.

"ಇವಳಾ? ಬಾಯಿ ಮುಚ್ಕೊಂಡಾ?" ಗೆಡೆಯೊನ್ ಎದ್ದೇ ನಿಂತರು. "ಎತೆಲ್ಕಾ, ನೀನು ಇದನ್ನ ಮಾಡಿದ್ರೆ ಮೇ ತಿಂಗಳು ಪೂರ್ತಿ ನಿನ್ನ ಕಾರಿಡಾರ್ ಡ್ಯೂಟಿ ನಂದು. ಸೋತ್ರೆ ನಂದು ನಿಂದು."

"ಶೂಗೆ ಈಗಲೇ ಪಾಲಿಶ್ ಹಾಕ್ಕೋ," ಎಂದರು ಎತೆಲ್ಕಾ. ಆದರೆ ದನಿಯಲ್ಲಿ ನಂಬಿಕೆ ಅರ್ಧ ಸ್ವರ ಕೆಳಗಿತ್ತು.

ಮನೆಯಲ್ಲಿ ಗಂಡ ಯೆನೊ ಈ ಸಂಕಟವನ್ನು ಫಿಟ್ಟರನ ಕಣ್ಣಿನಿಂದ ನೋಡಿದರು. ಸಕ್ಕರೆ ಕಾರ್ಖಾನೆಯ ಯಂತ್ರಗಳ ನಡುವೆ ದುಡಿದು ಅವರ ಕಿವಿ ಮುಕ್ಕಾಲು ಮಂದವಾಗಿದೆ. ಈ ದಾಂಪತ್ಯ ಬಾಳಿದ್ದಕ್ಕೆ ಅದೇ ಕಾರಣ ಎಂದು ಊರವರು ಹೇಳುತ್ತಾರೆ. ಯೆನೊ ಅದನ್ನು ಅಲ್ಲಗಳೆದಿಲ್ಲ. ಮನೆಯಲ್ಲಿ ಪೊಗಾಚಾ ಬೇಯಿಸುವವರೂ ಅವರೇ.

ಶುಕ್ರವಾರ ಸಂಜೆ ಮೂರನೇ ತಟ್ಟೆ ಒಲೆಯಿಂದ ಹೊರಬಂದ ಮೇಲೆ ಯೆನೊ ಸ್ಕ್ರೂಡ್ರೈವರ್ ತಂದು, ಬೀದಿಯ ಕಡೆಯ ಕಿಟಕಿಯ ಹಿಡಿಕೆಯನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ಇದೇನು ಮಾಡ್ತಿದ್ದೀಯಾ?"

"ಕಿಟಕಿ ಆಯ್ತು. ಇನ್ನು ಬಾಯಿ." ಬಿಸಿ ಪೊಗಾಚಾ ಒಂದನ್ನು ಹೆಂಡತಿಯ ಕೈಗಿತ್ತರು. "ಹಾಡು ಶುರುವಾದ ತಕ್ಷಣ ಇಡೀದು ಬಾಯಿಗೆ ಹಾಕ್ಕೋ. ಅಗೀಬೇಡ."

ಕತ್ತಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ದೀಪ ಆರಿಸಿ ಇಬ್ಬರೂ ಪರದೆಯ ಹಿಂದೆ ನಿಂತರು. ಹೊರಗೆ ಹೆಜ್ಜೆಗಳ ಸದ್ದು, ಪಿಸುಮಾತು, ಯಾರೋ ಯಾರನ್ನೋ "ಶ್!" ಎಂದದ್ದು ಕೇಳಿತು. ಎದುರು ಬೇಲಿಯ ಲೈಲಾಕ್ ಗಿಡದ ಮರೆಯಲ್ಲಿ ಗೆಡೆಯೊನ್ ಅವರ ಟೋಪಿ ಕಾಣುತ್ತಿತ್ತು. ಮನೆಯಲ್ಲಿ ಕಾಯಬೇಕಾದ ಮನುಷ್ಯ ಪಂದ್ಯ ನೋಡಲು ಬಂದು ನಿಂತಿದ್ದರು.

ಹಾಡು ಶುರುವಾಯಿತು. ಊರು ಬಿಟ್ಟು ಹೋಗುವವರ ಹಳೆಯ ಹಾಡು. ಮೊದಲೆರಡು ಸಾಲು ಸಲೀಸು. ಮೂರನೆಯ ಸಾಲಿನಲ್ಲಿ ರಾಗ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತದೆ. ಪ್ರತಿ ವರ್ಷದ ತರಗತಿಯೂ ಅಲ್ಲೇ ಎಡವುವುದು. ಈ ತರಗತಿ ಎಡವಬಾರದು. ಒಂದಿಡೀ ಚಳಿಗಾಲ ಆ ಜಿಗಿತವನ್ನೇ ಕಲಿಸಿದ್ದರು.

ಎಡವಿತು. ಜಿಗಿತ ಅರ್ಧ ಸ್ವರ ಮೋಟಾಯಿತು.

ಎತೆಲ್ಕಾ ಅವರ ಕೈ ತಾನಾಗಿ ಕಿಟಕಿಗೆ ಹೋಗಿ, ಹಿಡಿಕೆ ಇರಬೇಕಾದ ಜಾಗದ ತೂತನ್ನು ತಡಕಿತು. ಅವರು ಗಂಡನ ಕಡೆ ತಿರುಗಿ ಜೇಬನ್ನು ತೋರಿಸಿದರು. ಯೆನೊ ಕಿವಿಯ ಯಂತ್ರ ತೆಗೆದು ಶಾಂತವಾಗಿ ಮೇಜಿನ ಮೇಲಿಟ್ಟರು. ಬಾಯ್ತುಂಬ ಪೊಗಾಚಾ ಇದ್ದದ್ದರಿಂದ ಎತೆಲ್ಕಾ ಅಂದದ್ದೇನೆಂದು ಯಾರಿಗೂ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. ನಾಲ್ಕು ವರ್ಷದ ಮಕ್ಕಳು ಕೊನೆಯ ದಿನ ಹೀಗೆ ಹಾಡಿ ಹೋಗುವುದಾದರೆ ತಾನು ಕಲಿಸಿದ್ದಾದರೂ ಏನನ್ನು?

ಎರಡನೇ ಚರಣ ಬಂತು. ಮತ್ತೆ ಮೂರನೇ ಸಾಲು. ಮತ್ತೆ ಅದೇ ಅರ್ಧ ಸ್ವರ.

ಈಗ ಅವರು ಅಗಿಯದೆ, ಉಸಿರಾಡದೆ ನಿಂತರು. ತಿಳಿಯದೆ ತಪ್ಪುವವರು ನಾಯಿ ಕಂಡ ಕೋಳಿಗಳ ಹಾಗೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗುತ್ತಾರೆ. ಇವರು ಇಪ್ಪತ್ತೈದು ಮಂದಿಯೂ ಒಂದೇ ಅಳತೆಗೆ, ಒಂದೇ ಕ್ಷಣಕ್ಕೆ, ಒಂದೇ ಉಸಿರಿನಲ್ಲಿ ತಪ್ಪುತ್ತಿದ್ದರು. ಅಷ್ಟು ಅಚ್ಚುಕಟ್ಟಾಗಿ ತಪ್ಪಬೇಕಾದರೆ ಸರಿ ಯಾವುದೆಂದು ಕೂದಲೆಳೆಯಷ್ಟು ನಿಖರವಾಗಿ ಗೊತ್ತಿರಬೇಕು. ಕತ್ತೆಗಳು ತನ್ನ ಬಾಯಿ ತೆರೆಸಲೆಂದೇ ಇದನ್ನು ಅಭ್ಯಾಸ ಮಾಡಿಕೊಂಡು ಬಂದಿದ್ದವು!

ಪೂರ್ತಿ ಅಚ್ಚುಕಟ್ಟಾಗಿಯೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಒಂದೇ ಒಂದು ದನಿ ಸರಿಯಾದ ಸ್ವರಕ್ಕೇ ಹೋಗಿ ಕೂರುತ್ತಿತ್ತು. ಬರ್ನಾಬಾಸ್. ಒಂಬತ್ತನೇ ತರಗತಿಗೆ ಬಂದಾಗ ಗರಗಸದ ಮಿಲ್ಲಿನಂತಿದ್ದ ಹುಡುಗ. ಒಂದು ವರ್ಷ ಬರೀ ಗುನುಗಿಸಿ, ಒಂದು ವರ್ಷ ಒಂಟಿಯಾಗಿ ಕೂರಿಸಿ ಅವನಿಗೆ ಶ್ರುತಿ ಹತ್ತಿಸಿದ್ದರು. ಈಗ ಅವನಿಗೆ ಬೇಕೆಂದರೂ ತಪ್ಪಲು ಬರುತ್ತಿರಲಿಲ್ಲ.

ಕೈಗಳ ಬಗ್ಗೆ ಯಾರೂ ಮಾತೆತ್ತಿರಲಿಲ್ಲ. ಎತೆಲ್ಕಾ ಪರದೆಯನ್ನು ಸರ್ರನೆ ಸರಿಸಿದರು. ಗಾಜಿನ ಹಿಂದಿನಿಂದ ನೇರವಾಗಿ ಬರ್ನಾಬಾಸ್‌ಗೆ ಬೆರಳು ಮಾಡಿ, ಅಂಗೈ ಮಗುಚಿ ಕೆಳಕ್ಕೆ ಒತ್ತಿದರು. ನಾಲ್ಕು ವರ್ಷ ನೋಡಿದ ಸನ್ನೆ ಅದು. ಅದಕ್ಕೆ ಇರುವುದು ಒಂದೇ ಅರ್ಥ: ಇನ್ನೂ ಕೆಳಗೆ! ತಪ್ಪೋದಾದ್ರೆ ಎಲ್ಲರೂ ಒಟ್ಟಿಗೆ ತಪ್ಪಿ!

ಮೊದಲು ನಕ್ಕವನು ಬರ್ನಾಬಾಸ್. ಆಮೇಲೆ ಹಾಡೇ ಕುಸಿದುಬಿತ್ತು. ಕೆಲವರು ಬೇಲಿ ಹಿಡಿದುಕೊಂಡರು, ಕೆಲವರು ಪಾದಚಾರಿ ಕಟ್ಟೆಯ ಮೇಲೆ ಕೂತೇಬಿಟ್ಟರು. ಲೈಲಾಕ್ ಗಿಡದ ಹಿಂದಿನಿಂದ ಗೆಡೆಯೊನ್ ಧಾವಿಸಿ ಬಂದರು.

"ಸೋತ್ಲು! ಕೈ ಆಡಿಸಿದ್ಲು! ನಾನು ನೋಡ್ದೆ!"

ಬೊಗ್ಲಾರ್ಕಾ ಕಣ್ಣೊರೆಸಿಕೊಂಡು ತೀರ್ಪು ಕೊಟ್ಟಳು. "ಕಿಟಕಿ ಮುಚ್ಚಿದೆ. ಬಾಯೂ ಮುಚ್ಚಿದೆ. ಕೈ ವಿಷಯ ನಾವು ಹೇಳೇ ಇರ್ಲಿಲ್ಲ, ಗೆಡೆಯೊನ್ ಬಾಚಿ. ಲೆಕ್ಕದಲ್ಲಿ ಕೊಟ್ಟಿಲ್ಲದ್ದನ್ನ ನೀವಾಗೇ ಸೇರಿಸ್ಕೋಬೇಡಿ ಅಂತ ಹೇಳಿಕೊಟ್ಟಿದ್ದು ನೀವೇ ಅಲ್ವಾ?"

"ನನ್ನ ಪಾಠ ನನಗೇ ತಿರುಗಿಸ್ತೀಯಾ!"

"ಮತ್ತೆ ಪಾಠ ಕಲಿಯೋದು ಯಾಕೆ?"

ಗೆಡೆಯೊನ್ ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ಮಕ್ಕಳು ಎದ್ದು ಸಾಲು ಸರಿಮಾಡಿಕೊಂಡರು. ಈ ಸಲ ಯಾರೂ ಹೇಳದೆಯೇ ಹಾಡನ್ನು ಮೊದಲಿಂದ ಶುರುಮಾಡಿದರು. ಗಾಜಿನ ಹಿಂದೆ ಎತೆಲ್ಕಾ ಕೈ ಎತ್ತಿದರು. ಮೂರನೇ ಸಾಲು ಬರುವ ಹೊತ್ತಿಗೆ, ಏಕೋ, ಇಳಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಜಿಗಿತ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ಮಂದಗಿವಿಯ ಯೆನೊ, ಯಂತ್ರ ಇನ್ನೂ ಮೇಜಿನ ಮೇಲಿದ್ದರೂ, ತಲೆದೂಗಿದರು. ಅವರು ನೋಡುತ್ತಿದ್ದದ್ದು ಹೆಂಡತಿಯ ಮುಖವನ್ನು.

ಹಾಡು ಮುಗಿದ ಮೇಲೆ ಕೆಲವು ಕ್ಷಣ ದೀಪ ಹತ್ತಲಿಲ್ಲ. ಯೆನೊ ಹೋಗಿ ಹಚ್ಚಬೇಕಾಯಿತು.

ಬಾಗಿಲು ತೆರೆದ ಎತೆಲ್ಕಾ ಪೊಗಾಚಾ ನುಂಗಿ, ಹಾಡು ಮುಗಿದ ಮೇಲಿನ ಮೊದಲ ಮಾತನ್ನು ಬರ್ನಾಬಾಸ್‌ಗೆ ಹೇಳಿದರು: "ಸರಿಯಾಗಿ ತಪ್ಪೋಕೂ ಬರಲ್ವಲ್ಲೋ ನಿನಗೆ!" ಅವನು ಹೂಂ ಎಂದು ತಟ್ಟೆಯ ಕಡೆ ನಡೆದ.

ಪಕ್ಕದ ಬೀದಿ ಮುಟ್ಟುವ ಹೊತ್ತಿಗೆ ಈ ವರ್ಷವೂ ತಡವಾಗಿತ್ತು. ಗೆಡೆಯೊನ್ ಮಕ್ಕಳ ಜೊತೆಯೇ ನಡೆದು ಬಂದಿದ್ದರಿಂದ, ತಮ್ಮ ಮನೆಯ ಬಾಗಿಲನ್ನು ತಾವೇ ತೆಗೆದು, ಒಳಗೆ ಹೋಗಿ, ದೀಪ ಆರಿಸಿ, ಏನೂ ಗೊತ್ತಿಲ್ಲದವರ ಹಾಗೆ ಕತ್ತಲಲ್ಲಿ ನಿಂತು ಕಾದರು. ಹೆಂಡತಿ ಈ ಸಲವೂ ಕಷಾಯಕ್ಕೆ ಇಟ್ಟಿದ್ದರು. ಯಾರಿಗೂ ಬೇಕಾಗಲಿಲ್ಲ.

ಮೇ ತಿಂಗಳಿಡೀ ಎರಡನೇ ಮಹಡಿಯ ಕಾರಿಡಾರಿನಲ್ಲಿ ಗೆಡೆಯೊನ್ ನಿಂತರು. ರೆಝೋ ಅವರ ಬೆಲ್ ಈಗಲೂ ಕಾಲು ಸ್ವರ ಕೆಳಗಿದೆ. ಈಗಿನ ಹನ್ನೊಂದನೇ ತರಗತಿ ಮುಂದಿನ ಏಪ್ರಿಲ್‌ಗೆ ದಾರಿಯನ್ನು ಬದಲಾಯಿಸಿಕೊಂಡಿದೆ: ಮೊದಲು ಗೆಡೆಯೊನ್ ಅವರ ಮನೆ, ಎಲ್ಲರಿಗಿಂತ ಕೊನೆಗೆ ಎತೆಲ್ಕಾ ಅವರದು.