ಪೆದ್ದಣ್ಣನ ಏಳನೆಯ ಕೆಲಸಗಾರ್ತಿ

ವಳ್ಳೂರಿನ ಪೆದ್ದಣ್ಣ ಐವತ್ತು ತುಂಬುವವರೆಗೂ ಕುರಿ ವ್ಯಾಪಾರ ಮಾಡಿದವನು. ಪಾವಗಡ, ಮಧುಗಿರಿ, ಶಿರಾ, ಯಾವ ಸಂತೆಗೆ ಹೋದರೂ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದರಲ್ಲಿ ಅವನನ್ನು ಮೀರಿಸುವವರು ಕಡಿಮೆ. ಆಮೇಲೆ ಊರಿನ ಸುತ್ತ ಸೋಲಾರ್ ಫಲಕಗಳು ಬಂದವು. ಮೇವಿನ ನೆಲ ಕಡಿಮೆಯಾಯಿತು, ಕುರಿ ಕಡಿಮೆಯಾದವು, ಪೆದ್ದಣ್ಣ ಎರಡು ತಿಂಗಳು ಅರಳಿಕಟ್ಟೆಯಲ್ಲಿ ಕೂತು ಫಲಕಗಳನ್ನೇ ನೋಡಿದ. ಅವುಗಳ ಮೇಲೆ ಧೂಳು ಕೂರುತ್ತದೆ, ಧೂಳು ಕೂತರೆ ಕರೆಂಟು ಇಳಿಯುತ್ತದೆ, ಯಾರಾದರೂ ತೊಳೆಯಲೇಬೇಕು ಎಂಬುದು ತಲೆಗೆ ಹೊಳೆದದ್ದು ಅಲ್ಲೇ. ಒಂದು ಟ್ರ್ಯಾಕ್ಟರು, ಒಂದು ನೀರಿನ ಟ್ಯಾಂಕು, ಉದ್ದ ಕೋಲಿನ ಬ್ರಷ್ಷುಗಳು ಮತ್ತು ಆರು ಜನ ಕೆಲಸಗಾರರನ್ನು ಕಟ್ಟಿಕೊಂಡು ಕಾಂಟ್ರಾಕ್ಟರಾಗಿಬಿಟ್ಟ.

ಆ ಆರು ಜನರಿಗೆ ಹಾಜರಿ ಹಾಕುವುದು, ಬಾರದವರ ಮನೆಗೆ ಫೋನ್ ಮಾಡಿ ಎಬ್ಬಿಸುವುದು, ಟ್ಯಾಂಕಿಗೆ ನೀರು ತುಂಬಿಸುವವನ ಹತ್ತಿರ ಜಗಳಕ್ಕೆ ಹೋಗುವುದು, ಎಲ್ಲರಿಗೂ ಮುದ್ದೆ ಸಾರು ಮಾಡಿ ಹೊಲದವರೆಗೆ ಹೊತ್ತು ತರುವುದು, ಇವೆಲ್ಲ ಅವನ ಹೆಂಡತಿ ನರಸಿಂಹಮ್ಮನ ಪಾಲಿಗೆ ಬಂದವು. ಹೆಂಡತಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಮಾತ್ರ ಪೆದ್ದಣ್ಣ, "ಏನಿಲ್ಲ, ಮನೇಲವ್ಳೆ" ಎನ್ನುತ್ತಿದ್ದ.

ಹೋದ ವರ್ಷ ಕೆಲಸ ಕೊಡುವ ಕಂಪನಿಯಿಂದ ಒಂದು ಪತ್ರ ಬಂತು. ಇನ್ನು ಮೇಲೆ ಕಾಂಟ್ರಾಕ್ಟರುಗಳು ತಮ್ಮ ಕೆಲಸಗಾರರಿಗೆಲ್ಲ ಆರೋಗ್ಯ ವಿಮೆ ಮಾಡಿಸಬೇಕು, ಇಲ್ಲದಿದ್ದರೆ ಮುಂದಿನ ವರ್ಷದ ಕೆಲಸವಿಲ್ಲ ಎಂದು ಅದರಲ್ಲಿತ್ತು. ಪೆದ್ದಣ್ಣ ಪತ್ರವನ್ನು ಮಡಚಿ ಜೇಬಿಗಿಟ್ಟು, ಪಾವಗಡದಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದ ರಕ್ಷಾಳ ಬಳಿ ಹೋದ. ದೂರದ ಸಂಬಂಧದ ಹುಡುಗಿ, ಅವನನ್ನು ಮಾವ ಎನ್ನುತ್ತಿದ್ದಳು.

"ಮಾವ, ಈಗ ಇದು ಸುಲಭ" ಎಂದು ರಕ್ಷಾ ಕಂಪ್ಯೂಟರನ್ನು ಅವನತ್ತ ತಿರುಗಿಸಿದಳು. "ಸರ್ಕಾರದೋರು ಒಂದು ಪೋರ್ಟಲ್ ಮಾಡವ್ರೆ. ಎಲ್ಲ ಕಂಪನಿ ಪಾಲಿಸಿನೂ ಒಂದೇ ಕಡೆ ಇರ್ತವೆ. ಸಣ್ಣ ಮಾಲೀಕರು ನೋಡಿ, ತೂಗಿ, ಬೇಕಾದ್ದು ತಗೋಬೋದು."

ಪೆದ್ದಣ್ಣನ ಮುಖ ಅರಳಿತು. "ಸಂತೆ ಅನ್ನು!"

"ಹೂಂ, ಒಂಥರಾ ಸಂತೇನೇ."

"ಅಂಗಾದ್ರೆ ರೇಟು ಎಷ್ಟಕ್ಕೆ ಇಳಿಸ್ತಾರೆ ಕೇಳು."

"ಇಳ್ಸಲ್ಲ ಮಾವ. ಬರೆದಿರೋದೇ ರೇಟು."

"ಇಳ್ಸದೇ ಇರೋ ಸಂತೆ ಯಾವೂರ್ದಮ್ಮ?" ಪೆದ್ದಣ್ಣನಿಗೆ ನಿಜವಾಗಿಯೂ ಬೇಸರವಾಯಿತು. ಎದ್ದು ಹೊರಗೆ ಹೋಗಿ ಟೀ ಕುಡಿದು ಬಂದ. ಎದ್ದು ಹೋದರೆ ಎದುರಿನವನು ಕರೆದು ಬೆಲೆ ಇಳಿಸುತ್ತಾನೆ ಎಂಬುದು ಅವನ ಮೂವತ್ತು ವರ್ಷದ ಅನುಭವ. ಬಂದು ನೋಡಿದರೆ ಬೆಲೆ ಅಷ್ಟೇ ಇತ್ತು, ಅಷ್ಟು ಹೊತ್ತು ಸುಮ್ಮನಿದ್ದದ್ದಕ್ಕೆ ಪೋರ್ಟಲ್ ಮಾತ್ರ ಇವರನ್ನು ಹೊರಗೆ ಹಾಕಿತ್ತು. ರಕ್ಷಾ ಮತ್ತೆ ಒಟಿಪಿ ಕೇಳಿದಳು.

ಕೆಲಸಗಾರರ ವಿವರ ತುಂಬುವುದು ಶುರುವಾಯಿತು. ಕೆಂಚಮ್ಮ, ಜನವರಿ ಒಂದು. ಜಯರಾಮಯ್ಯ, ಜನವರಿ ಒಂದು. ಮೂರನೆಯವನದೂ ಜನವರಿ ಒಂದು. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಪರದೆಯ ಮೇಲೆ ಕೆಂಪು ಅಕ್ಷರ ಬಂತು: ಹುಟ್ಟಿದ ದಿನಾಂಕ ದಯವಿಟ್ಟು ಪರಿಶೀಲಿಸಿ.

"ಎಲ್ರೂ ಒಂದೇ ದಿನ ಹುಟ್ಟವ್ರಾ ಮಾವ?"

"ಮೇಷ್ಟ್ರು ಅಂಗೆ ಬರ್ಕೊಂಡ್ರು. ಅವ್ವಂದಿರ್ನ ಕೇಳಿದ್ರೆ, ಅವರೆಕಾಯಿ ಕಾಲ್ದಾಗೆ ಅಂತಿದ್ರು. ಮೇಷ್ಟ್ರು ಇನ್ನೇನ್ ಬರೀತಾರೆ?"

ದಿನಾಂಕಕ್ಕೆ ಪುರಾವೆಯಾಗಿ ರಕ್ಷಾ ಆರು ಜನರ ಆಧಾರ್ ಪ್ರತಿಗಳನ್ನೂ ಒಂದೊಂದಾಗಿ ಹಾಕಿದಳು. ಅವೆಲ್ಲ ಮುಗಿದ ಮೇಲೆ ಇನ್ನೊಂದು ಸಾಲು ಬಂತು. ಗುಂಪು ವಿಮೆಗೆ ಕನಿಷ್ಠ ಏಳು ಜನ ಕೆಲಸಗಾರರಿರಬೇಕು.

"ನನ್ನನ್ನೂ ಸೇರ್ಸು, ಏಳಾಯ್ತು" ಎಂದ ಪೆದ್ದಣ್ಣ.

"ನೀವು ಮಾಲೀಕರು. ನಿಮಗೆ ಸಂಬಳ ಕೊಡೋರು ಯಾರು? ಇಲ್ಲಿ ಸಂಬಳ ತಗೊಳ್ಳೋರ್ದು ಮಾತ್ರ ಲೆಕ್ಕ."

ಅಂಗಡಿಯಲ್ಲಿ ಝೆರಾಕ್ಸಿಗೆ ಕಾಯುತ್ತಿದ್ದ ಮುತ್ತುರಾಜ್ ಬಾಯಿ ಹಾಕಿದ. ಅವನು ಜಾಗದ ದಲ್ಲಾಳಿ. "ನನ್ನ ಹೆಸ್ರು ಬರ್ಸ್ಕೋ ಪೆದ್ದಣ್ಣ. ನಾನೇನೂ ಬ್ರಷ್ಷು ಹಿಡಿಯಲ್ಲ. ಕಾಗದದಾಗಿದ್ರೆ ಸಾಕಲ್ಲ?"

ಪೆದ್ದಣ್ಣನಿಗೆ ಆಸೆಯಾಯಿತು. ಆದರೆ ರಕ್ಷಾ ಕೀಲಿಮಣೆಯಿಂದ ಕೈ ತೆಗೆದಳು. "ಸುಳ್ಳು ಹೆಸ್ರು ಹಾಕಿ ಆಮೇಲೆ ಗೊತ್ತಾದ್ರೆ ಪಾಲಿಸೀನೇ ಹೋಗ್ತದೆ ಮಾವ. ಕೆಂಚಮ್ಮ ಆಸ್ಪತ್ರೇಲಿ ಮಲಗಿದ್ದಾಗ ಹಂಗಾದ್ರೆ?"

ಎರಡು ವರ್ಷದ ಹಿಂದೆ ಕೆಂಚಮ್ಮ ಒದ್ದೆ ನೆಲದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಮೂಳೆಗೆ ಪಟ್ಟು ಹಾಕುವ ನಾಟಿ ವೈದ್ಯನ ಹತ್ತಿರ ಕಟ್ಟಿಸಿದ್ದರಿಂದ ಕೈ ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತ್ತು. ಈಗಲೂ ಎಡಗೈಯಲ್ಲಿ ಬ್ರಷ್ಷು ಹಿಡಿಯುತ್ತಾಳೆ. ಪೆದ್ದಣ್ಣ ಮುತ್ತುರಾಜನ ಕಡೆ ತಿರುಗಿ, "ನೀನು ನಿನ್ ಝೆರಾಕ್ಸ್ ಮಾಡಿಸ್ಕೊಳ್ಳಪ್ಪ" ಎಂದ.

ಮನೆಗೆ ಬಂದು ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ಹೇಳಿದ. ನರಸಿಂಹಮ್ಮ ಮುದ್ದೆ ಬಡಿಸುತ್ತಾ ಕೇಳಿಸಿಕೊಂಡಳು.

"ಏಳನೇದು ನಾನಿಲ್ವಾ?"

"ನೀನಾ? ನೀನ್ ಮನೇಲಿರೋಳು ಕಣೆ."

"ಅಂಗಾ?" ಅವಳು ಸಾರಿನ ಪಾತ್ರೆಯನ್ನು ಅವನಿಂದ ದೂರ ಸರಿಸಿಟ್ಟಳು. "ಹಾಜರಿ ಬುಕ್ಕು ಯಾರ್ ಬರೀತಾರೆ? ಮೊನ್ನೆ ಟ್ಯಾಂಕಿನೋನ್ನ ಯಾರ್ ಹಿಡಿದು ಕೂರ್ಸಿದ್ದು? ಹೇಳು, ಆಮ್ಯಾಲೆ ಸಾರು."

ಪೆದ್ದಣ್ಣ ಒಣ ಮುದ್ದೆಯನ್ನು ನೋಡಿದ. ಒಪ್ಪಿಕೊಳ್ಳದೆ ಬೇರೆ ದಾರಿಯಿರಲಿಲ್ಲ. ಆದರೆ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ನರಸಿಂಹಮ್ಮನೂ ಮರುದಿನ ರಕ್ಷಾಳ ಅಂಗಡಿಗೆ ಬಂದಳು. ನಿಜವಾದ ಕೆಲಸಗಾರ್ತಿ ಆಗಬೇಕಾದರೆ ನೇಮಕದ ಪತ್ರ, ಹಾಜರಿ, ಬ್ಯಾಂಕಿಗೆ ಹೋದ ಸಂಬಳ ಎಲ್ಲ ಇರಬೇಕು ಎಂದು ರಕ್ಷಾ ವಿವರಿಸಿದಳು.

"ಸಂಬಳ ನನ್ನ ಅಕೌಂಟಿಗೇ ಬೀಳ್ತದಾ?" ಎಂದು ನರಸಿಂಹಮ್ಮ ಎರಡು ಸಲ ಕೇಳಿದಳು.

"ನಿಮ್ಮ ಅಕೌಂಟಿಗೇ ಅತ್ತೆ."

"ಭಾನುವಾರ ರಜಾ?"

"ವಾರಕ್ಕೊಂದಿನ ರಜಾ ಕೊಡ್ಬೇಕು."

"ಬರಿಯಮ್ಮ ಪತ್ರಾನ."

"ಏಮೇ, ಗಂಡನ ಹತ್ರ ರಜಾ ಕೇಳ್ತೀಯಾ?" ಎಂದ ಪೆದ್ದಣ್ಣ. ಕೋಪ ಬಂದಾಗ ಅವನ ಬಾಯಿಗೆ ತೆಲುಗು ಬರುತ್ತಿತ್ತು.

"ಗಂಡನ್ನ ಯಾರ್ ಕೇಳಿದ್ರು? ಮಾಲೀಕನ್ನ ಕೇಳ್ತಿವ್ನಿ."

ಹೀಗೆ ನರಸಿಂಹಮ್ಮ ಮೇಲ್ವಿಚಾರಕಿಯಾಗಿ ನೇಮಕವಾದಳು. ಮೊದಲ ಭಾನುವಾರ ಪೆದ್ದಣ್ಣ ಎದ್ದಾಗ ಒಲೆ ತಣ್ಣಗಿತ್ತು. ಹೆಂಡತಿ ಜಗಲಿಯಲ್ಲಿ ಕೂತು ಪಕ್ಕದ ಮನೆಯ ದೊಡ್ಡಕ್ಕನ ಜೊತೆ ಕಡಲೆಕಾಯಿ ತಿನ್ನುತ್ತಿದ್ದಳು. ಅವನು ವೈ.ಎನ್.ಹೊಸಕೋಟೆಗೆ ಬಸ್ಸು ಹತ್ತಿ, ಹೋಟೆಲಿನಲ್ಲಿ ಇಡ್ಲಿ ತಿಂದು ಬಂದ. ಮೂರನೆಯ ಭಾನುವಾರದ ಹೊತ್ತಿಗೆ ಬಸ್ಸಿನ ಕಂಡಕ್ಟರ್, "ಇಡ್ಲಿಗಾ ಪೆದ್ದಣ್ಣ?" ಎಂದು ಕೇಳಿಯೇ ಟಿಕೆಟ್ ಹರಿಯುತ್ತಿದ್ದ.

ಮೊದಲ ಸಂಬಳ ಬಿದ್ದ ಮೇಲೆ ಮತ್ತೆ ಪೋರ್ಟಲ್ ತೆಗೆದರು. ಈ ಸಲ ಪಾಲಿಸಿ ಆರಿಸುವ ಕೆಲಸ. ರಕ್ಷಾ ಮೂರನ್ನು ಪಕ್ಕಪಕ್ಕ ಇಟ್ಟು ತೋರಿಸಿದಳು. ಪೆದ್ದಣ್ಣ ಸೀದಾ ಅಗ್ಗದ್ದರ ಮೇಲೆ ಬೆರಳಿಟ್ಟ.

"ಇದ್ರಲ್ಲಿ ಮೊದ್ಲಿಂದ ಇರೋ ಕಾಯಿಲೆಗೆ ಮೂರು ವರ್ಷ ದುಡ್ಡು ಕೊಡಲ್ಲ ಮಾವ" ಎಂದಳು ರಕ್ಷಾ. "ಆಸ್ಪತ್ರೆ ಬಿಲ್ಲಲ್ಲಿ ಐದನೇ ಒಂದು ಭಾಗ ಕೆಲಸಗಾರರೇ ಕಟ್ಬೇಕು."

"ಜಯರಾಮಯ್ಯಂಗೆ ಶುಗರ್ ಐತೆ" ಎಂದಳು ನರಸಿಂಹಮ್ಮ.

ಪೆದ್ದಣ್ಣ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. ಉಣ್ಣೆ ನೋಡಿ ಕುರಿ ತಗೊಳ್ಳುವವನು ದಡ್ಡ, ಬಾಯಿ ಬಿಡಿಸಿ ಹಲ್ಲು ನೋಡಬೇಕು ಎಂದು ಎಷ್ಟೋ ಜನಕ್ಕೆ ಬುದ್ಧಿ ಹೇಳಿದವನು ಅವನು. "ಯಾವ ಕಂಪನಿ ಕೇಳಿದ್ ತಕ್ಷಣ ದುಡ್ಡು ಕೊಟ್ಟೈತೆ, ಅದು ಗೊತ್ತಾಯ್ತದಾ?"

ಗೊತ್ತಾಗುತ್ತಿತ್ತು. ಪೋರ್ಟಲಿನಲ್ಲಿ ಅದಕ್ಕೂ ಒಂದು ಸಾಲಿತ್ತು. ಅದರಲ್ಲಿ ಮುಂದಿದ್ದ ಮೂರನೆಯ ಪಾಲಿಸಿ ತುಸು ದುಬಾರಿ, ಆದರೆ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಕೊಡುತ್ತಿತ್ತು. ಗಂಡ ಅಥವಾ ಹೆಂಡತಿಯನ್ನೂ ಸೇರಿಸಿಕೊಳ್ಳಬಹುದಿತ್ತು. ಪೆದ್ದಣ್ಣ ಕಣ್ಣು ಮುಚ್ಚಿಕೊಂಡು, "ಅದ್ನೇ ಒತ್ತಮ್ಮ" ಎಂದ.

"ನಿಮ್ಮ ಅವಲಂಬಿತರು ಯಾರು ಅತ್ತೆ?" ರಕ್ಷಾ ಕೇಳಿದಳು.

"ಅಂಗಂದ್ರೆ?"

"ನಿಮ್ಮನ್ನ ನಂಬ್ಕೊಂಡು ಬದುಕೋರು."

ನರಸಿಂಹಮ್ಮ ಗಂಡನ ಕಡೆ ಕೈ ತೋರಿಸಿದಳು.

"ನಾನ್ಯಾಕೆ? ನಾನು ಕಲ್ಲಿದ್ದಂಗಿವ್ನಿ. ನನ್ನ ಹೆಸ್ರು ಬ್ಯಾಡ" ಎಂದು ಪೆದ್ದಣ್ಣ ಎದ್ದು ನಿಂತ.

"ನನ್ನ ಕಾಲಮ್ಮು. ನನ್ನಿಷ್ಟ. ಬರಿಯಮ್ಮ ನೀನು."

ನಿಜ ಹೇಳಬೇಕೆಂದರೆ ಪೆದ್ದಣ್ಣ ಕಲ್ಲಿನ ಹಾಗೇನೂ ಇರಲಿಲ್ಲ. ಒಂದು ವರ್ಷದಿಂದ ಅವನ ತೊಡೆಸಂದಿನಲ್ಲಿ ಒಂದು ಗಂಟು ಏಳುತ್ತಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು, ಭಾರ ಎತ್ತಿದರೆ ಹೊರಗೆ ಬರುತ್ತಿತ್ತು. ನಾಚಿಕೆಯಿಂದ ಯಾರಿಗೂ ಹೇಳದೆ ಪಂಚೆಯ ಒಳಗೆ ಟವೆಲ್ ಬಿಗಿದುಕೊಂಡು ತಿರುಗುತ್ತಿದ್ದ. ನರಸಿಂಹಮ್ಮ ಬಟ್ಟೆ ಒಗೆಯುವವಳು, ಒಂದು ಟವೆಲ್ ಯಾಕೆ ಯಾವಾಗಲೂ ಹಗ್ಗದ ಹಾಗೆ ಸುತ್ತಿಕೊಂಡಿರುತ್ತದೆ ಎಂದು ಯೋಚಿಸದೆ ಇರುತ್ತಾಳೆಯೇ?

ಸಂಕ್ರಾಂತಿ ಕಳೆದು ಒಂದು ವಾರಕ್ಕೆ, ಬೆಳಗ್ಗೆ ಟ್ಯಾಂಕಿನ ಪೈಪು ಎಳೆಯುತ್ತಿದ್ದ ಪೆದ್ದಣ್ಣ ಹೊಟ್ಟೆ ಹಿಡಿದುಕೊಂಡು ಫಲಕಗಳ ಸಾಲಿನ ನಡುವೆ ಕೂತುಬಿಟ್ಟ. ಜಯರಾಮಯ್ಯ ಅವನನ್ನು ಟ್ರ್ಯಾಕ್ಟರಿಗೆ ಹತ್ತಿಸಿದ, ನರಸಿಂಹಮ್ಮ ವಿಮೆಯ ಕಾರ್ಡು ಹಿಡಿದು ಜೊತೆಗೆ ಹೊರಟಳು. ಪಾವಗಡದಲ್ಲಿ ನೋಡಿದ ಡಾಕ್ಟರು ತುಮಕೂರಿಗೆ ಹೋಗಿ ಎಂದರು. ತುಮಕೂರಿನ ಆಸ್ಪತ್ರೆಯಲ್ಲಿ, ಇದು ಹರ್ನಿಯಾ, ಇವತ್ತೇ ಆಪರೇಷನ್ ಆಗಬೇಕು ಎಂದರು.

ವಿಮೆಯ ಕಿಟಕಿಯ ಹಿಂದೆ ಚೇತನ್ ಕುಮಾರ್ ಎಂಬ ಯುವಕ ಕೂತಿದ್ದ. ತಳ್ಳುಗಾಡಿಯ ಮೇಲೆ ಮಲಗಿದ್ದ ಪೆದ್ದಣ್ಣ ನೋವಿನಲ್ಲೂ ತಲೆ ಎತ್ತಿ, "ನಾನೇ ಓನರ್" ಎಂದ.

ಚೇತನ್ ಕಂಪ್ಯೂಟರಿನಲ್ಲಿ ಹುಡುಕಿದ. "ಓನರ್ ಅಂತ ಯಾರೂ ಇಲ್ಲ ಯಜಮಾನ್ರೆ. ಉದ್ಯೋಗಿ ಯಾರು?"

"ನಾನು" ಎಂದು ನರಸಿಂಹಮ್ಮ ಮುಂದೆ ಬಂದು ವಿಮೆಯ ಕಾರ್ಡು ಇಟ್ಟಳು. "ಇವ್ರು ನನ್ನ ಅವಲಂಬಿತರು." ಆ ಪದವನ್ನು ಅವಳು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದಳೋ ಏನೋ, ಒಂದಕ್ಷರವೂ ತಪ್ಪಲಿಲ್ಲ.

"ಉದ್ಯೋಗದಾತರು ಯಾರಮ್ಮ?"

"ಅದೂ ಇವ್ರೇ."

ಚೇತನ್ ಒಮ್ಮೆ ಕಂಪ್ಯೂಟರ್ ನೋಡಿದ, ಒಮ್ಮೆ ತಳ್ಳುಗಾಡಿ ನೋಡಿದ, ಆಮೇಲೆ ಒಳಗೆ ಹೋಗಿ ತನ್ನ ಮೇಲಿನವರನ್ನು ಕರೆದುಕೊಂಡು ಬಂದ. ಅವರೂ ನೋಡಿದರು. ಕಾಗದವೆಲ್ಲ ಸರಿಯಾಗಿತ್ತು. ಉದ್ಯೋಗಿಯ ಸಹಿ ಬೇಕು ಎಂದಾಗ ನರಸಿಂಹಮ್ಮ ಸೆರಗಿಗೆ ಕೈ ಒರೆಸಿಕೊಂಡು ನಿಧಾನವಾಗಿ ಸಹಿ ಮಾಡಿದಳು. ಪೆದ್ದಣ್ಣ ಗೋಡೆಯ ಕಡೆ ಮುಖ ಮಾಡಿಕೊಂಡ. 

ಮಧ್ಯಾಹ್ನ ಮೂರಕ್ಕೆ ಅನುಮತಿ ಬಂತು, ನಾಲ್ಕಕ್ಕೆ ಆಪರೇಷನ್ ಆಯಿತು. ಮರುದಿನ ಎಚ್ಚರವಾಗಿ ಗಂಜಿ ಕುಡಿಯುವಾಗ ಪೆದ್ದಣ್ಣ ಕೇಳಿದ: "ಗಂಟಿನ ವಿಷ್ಯ ನಿಂಗೆ ಮೊದ್ಲೇ ಗೊತ್ತಿತ್ತಾ?"

"ಟವೆಲ್ ಒಗೆಯೋಳು ನಾನೇ ಅಲ್ವಾ?"

"ಯಾಕ್ ಹೇಳ್ಳಿಲ್ಲ?"

"ಹೇಳಿದ್ರೆ ಕೇಳ್ತಿದ್ದಾ? ಅದಕ್ಕೇ ಬರ್ಸ್ಬುಟ್ಟೆ."

ಮೂರು ತಿಂಗಳು ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ನರಸಿಂಹಮ್ಮ ಬೆಳಗ್ಗೆ ತಾನೇ ಗ್ಯಾಂಗನ್ನು ಕರೆದುಕೊಂಡು ಫಲಕದ ಹೊಲಕ್ಕೆ ಹೋಗತೊಡಗಿದಳು. ಬಿಸಿಲೇರುವ ಮುಂಚೆ ಎಷ್ಟು ಸಾಲು ತೊಳೆಯಬೇಕು, ನೀರು ಎಲ್ಲಿ ಉಳಿಸಬೇಕು ಎಂಬುದೆಲ್ಲ ಅವಳಿಗೆ ಗೊತ್ತೇ ಇತ್ತು. ಮನೆಯಲ್ಲುಳಿದ ಪೆದ್ದಣ್ಣ ಮುದ್ದೆ ಕಲಿತ. ಮೊದಲ ವಾರ ಅದು ಕೋಲಿಗೆ ಅಂಟಿ ಬರುತ್ತಿತ್ತು, ಎರಡನೆಯ ವಾರ ಗಂಟುಗಂಟಾಗುತ್ತಿತ್ತು. ಕೆಂಚಮ್ಮ ಒಂದು ತುತ್ತು ಮುರಿದು ನೋಡಿ, "ಒಳಗೆ ಹಿಟ್ಟು ಹಂಗೇ ಐತಲ್ಲಣ್ಣ" ಎಂದಳು. ಜಯರಾಮಯ್ಯ ತಟ್ಟೆ ಖಾಲಿ ಮಾಡಿದ, ಆದರೆ ಮರುದಿನ ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದ.

ಸೋಲಾರ್ ಕಂಪನಿಯ ಕೆಲಸ ಮತ್ತೊಂದು ವರ್ಷಕ್ಕೆ ಸಿಕ್ಕಿತು. ವಿಮೆ ಇರುವ ಗ್ಯಾಂಗು ಎಂದು ಸುದ್ದಿಯಾಗಿ, ಪಕ್ಕದ ಊರಿನ ಇಬ್ಬರು ಹೆಂಗಸರು ಕೆಲಸ ಕೇಳಿಕೊಂಡು ಬಂದರು. ಬಾಗಿಲಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಪೆದ್ದಣ್ಣನನ್ನು ಅವರು, "ಮೇಡಮ್ ಇದ್ದಾರಾ ಅಣ್ಣ?" ಎಂದು ಕೇಳಿದರು.

ಪೆದ್ದಣ್ಣ ಕಣ್ಣೊರೆಸಿಕೊಂಡು ಒಳಗೆ ಕೂಗಿದ. "ಇವಳೇ, ಯಾರೋ ಬಂದವ್ರೆ ನೋಡು." ಒಳಗಿನಿಂದ ಉತ್ತರ ಬರಲಿಲ್ಲ. ಆಗ ಅವನಿಗೆ ನೆನಪಾಯಿತು. "ಇವತ್ತು ಭಾನುವಾರ ಕಣಮ್ಮ, ಮೇಡಮ್ಮಿಗೆ ರಜಾ. ನಾಳೆ ಬನ್ನಿ, ಆಧಾರ್ ಕಾರ್ಡು ತನ್ನಿ" ಎಂದು ಹೇಳಿ, ಇನ್ನೆರಡು ಈರುಳ್ಳಿ ಹೆಚ್ಚಿಗೆ ತೆಗೆದುಕೊಂಡು, ಅವರನ್ನು ಊಟಕ್ಕೆ ಕೂರಿಸಿದ.