ಇದ್ದಿಲಿನ ಬೆನಕಪ್ಪ

ಕಡೂರಿನ ಯಾವ ಮದುವೆಯಲ್ಲೂ ಬೆನಕಪ್ಪನ ಕಣ್ಣು ಹೆಣ್ಣುಗಂಡಿನ ಮೇಲಿರುತ್ತಿರಲಿಲ್ಲ, ಅಡುಗೆಯವರು ಎಸೆದ ತೆಂಗಿನ ಕರಟದ ಮೇಲಿರುತ್ತಿತ್ತು. "ಒಲೆಗೆ ಹಾಕ್ಬೇಡ್ರಮ್ಮಾ, ಸಿಪಾಯಿಗಳ ಉಸಿರು ಕಣ್ರಮ್ಮಾ ಇದು!" ಎಂದು ಗೋಣಿಚೀಲ ಬಿಚ್ಚುತ್ತಿದ್ದ. ಹಿತ್ತಲ ಗುಂಡಿಯಲ್ಲಿ ಕರಟ ಉರಿಸಿ, ಹದ ನೋಡಿ ಮಣ್ಣು ಮುಚ್ಚಿ ಅವನು ಸುಟ್ಟ ಇದ್ದಿಲು ಬೀರೂರಿನಲ್ಲಿ ರೈಲು ಹತ್ತಿ, ಸೈನ್ಯಕ್ಕೆ ವಿಷಗಾಳಿ ಸೋಸುವ ಮುಖವಾಡ ಮಾಡುವ ಕಾರ್ಖಾನೆ ಸೇರುತ್ತಿತ್ತು. ಯುದ್ಧವೆಂದರೆ ಧಾರಣೆ ಏರುತ್ತಿತ್ತು. ಎಪ್ಪತ್ತೊಂದರಲ್ಲಿ ಗೆದ್ದ ಸುದ್ದಿಗೆ ಊರೆಲ್ಲ ಪಟಾಕಿ ಹೊಡೆದರೆ ಇವನೊಬ್ಬ, "ಇಷ್ಟ್ ಬೇಗ ಮುಗಿಸ್ಬಿಟ್ರಲ್ಲೋ!" ಎಂದು ಪೆಚ್ಚಾಗಿ, ಆಮೇಲೆ ತಾನೇ ನಾಚಿ ನಕ್ಕಿದ್ದ. ಹೊಗೆ ಎದೆಗಿಳಿದು ಕೆಮ್ಮು ಹತ್ತಿತು. ಹೆಂಡತಿ ತೀರ್ಥಮ್ಮ ಆಸ್ಪತ್ರೆಗೆ ಕರೆದಾಗಲೆಲ್ಲ, "ಈ ಲೋಡ್ ಹೋಗ್ಲಿ ತಡಿಯೇ" ಎನ್ನುತ್ತಿದ್ದ. ಎಷ್ಟೋ ಲೋಡು ಹೋದವು. ಅವನು ಹೋದ ದಿನವೂ ಹಿತ್ತಲ ಗುಂಡಿಯಲ್ಲಿ ಕರಟ ಉರಿಯುತ್ತಿತ್ತು. ಹೆಣದ ಪಕ್ಕದಿಂದೆದ್ದು ಬಂದ ತೀರ್ಥಮ್ಮ ಆಳುಗಳಿಗೆ ಹೇಳಿದಳು: "ಮೊದ್ಲು ಗುಂಡಿಗೆ ಮಣ್ಣು ಮುಚ್ರಪ್ಪಾ. ಎಲ್ಲಾ ಬೂದಿಯಾಗೋದ್ರೆ ಅವ್ರಿಗೆ ತಡ್ಕಳಾಕಾಗಲ್ಲ."