ಹದಿಮೂರನೆಯ ದಿನದ ಜೇನು

ನಾಸಿಕದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಎಚ್‌ಐವಿ ಪರೀಕ್ಷೆಗೆ ಬರುವವರ ಜೊತೆ ಕೂತು ಮಾತಾಡುವುದು ನನ್ನ ಕೆಲಸವಾಗಿತ್ತು. ಧಾರವಾಡದಲ್ಲಿ ಎಂ.ಎ. ಓದುವಾಗಿನಿಂದ ದಿನಚರಿ ಬರೆಯುವ ಚಟವಿದೆ. ಆದರೆ ಆಸ್ಪತ್ರೆಗೆ ಬಂದವರ ವಿಷಯ ಅದರಲ್ಲಿ ಬರೆಯಬಾರದೆಂದು ನಾನೇ ನಿಯಮ ಹಾಕಿಕೊಂಡಿದ್ದೆ. ಹಾಗಾಗಿ ಈಗ ಹೇಳುವುದಕ್ಕೆಲ್ಲ ಹೆಚ್ಚುಕಡಿಮೆ ನೆನಪೇ ಆಧಾರ. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ ಎಂಬುದು ಈಚೆಗೆ ಗೊತ್ತಾಗಿದೆ.

ಆ ಹುಡುಗಿ ಬಂದದ್ದು ಬಸುರಿನ ಐದನೆಯ ತಿಂಗಳಲ್ಲಿ. ಬಸುರಿಯರಿಗೆಲ್ಲ ಮಾಡುವ ಪರೀಕ್ಷೆಯಲ್ಲಿ ಸೋಂಕು ಇರುವುದು ತಿಳಿದಿತ್ತು. ನಾನು ಮರಾಠಿಯಲ್ಲಿ ಮೆಲ್ಲಗೆ ವಿಷಯ ಹೇಳಿದೆ. “ಅಯ್ಯ ಶಿವನ” ಎಂದಳು. ನನಗೆ ಗೊತ್ತಿಲ್ಲದೆಯೇ ನಾಲಿಗೆ ಕನ್ನಡಕ್ಕೆ ಹೊರಳಿತು. ಆಕೆಗೆ ಸಮಾಧಾನವಾದೀತೆಂದುಕೊಂಡರೆ, ಕುರ್ಚಿಯಿಂದ ಎದ್ದೇಬಿಟ್ಟಳು.

“ನೀವು ನಮ್ಮ ಕಡಿಯವರೇನ್ರಿ?”

“ಹೌದವಾ, ಧಾರವಾಡದಾಕಿ.”

“ಹಂಗಾರ ಮುಗೀತು. ಇಲ್ಲಿ ಕನ್ನಡದವರು ಎಲ್ಲಾರೂ ಎಲ್ಲಾರಿಗೂ ಗುರ್ತು. ನಮ್ಮತ್ತಿಗೆ ಸಂಜೀಕೇ ಗೊತ್ತಾಗ್ತದ.”

ಈಗ ನಾನಿರುವುದು ಛತ್ರಪತಿ ಸಂಭಾಜಿನಗರದಲ್ಲಿ, ಅಂದರೆ ಮೊದಲಿನ ಔರಂಗಾಬಾದಿನಲ್ಲಿ. ಕೆಲಸ ಅದೇ. ಇದೇ ಜಿಲ್ಲೆಯ ಸಿಲ್ಲೋಡಿನ ಹೆಣ್ಣುಮಕ್ಕಳು ತಮ್ಮ ಹತ್ತಿರದ ಕೇಂದ್ರ ಬಿಟ್ಟು ಇಲ್ಲಿಗೆ ಬರುತ್ತಾರೆ. ಇಲ್ಲಿಯವರು ಕೆಲವರು ನಾಲ್ಕೈದು ತಾಸು ಬಸ್ಸಿನಲ್ಲಿ ಕೂತು ನಾಸಿಕಕ್ಕೆ ಹೋಗುತ್ತಾರೆ. ಗುಳಿಗೆ ಎಲ್ಲ ಕಡೆಯೂ ಪುಕ್ಕಟೆ, ಎಲ್ಲ ಕಡೆಯೂ ಅದೇ ಗುಳಿಗೆ. ಗುರುತಿನ ಮುಖ ಎದುರಾಗದ ಸಾಲಿಗಾಗಿ ಅಷ್ಟು ದೂರ. ಆ ದಿನ ಆಕೆಯ ಪಾಲಿಗೆ ಗುರುತಿನ ಮುಖ ನಾನೇ ಆಗಿದ್ದೆ.

“ಈ ಬಾಗಲಾ ದಾಟಿದ ಮ್ಯಾಲ ನೀವ್ಯಾರೋ ನಾನ್ಯಾರೋ,” ಎಂದು ಮಾತು ಕೊಟ್ಟೆ. ಆಕೆ ಮತ್ತೆ ಕೂತಳು.

ಮರುದಿನ ಗಂಡನನ್ನೂ ಕರೆತಂದಳು. ಊರಾಚೆ ಓಝರ್ ಕಡೆಯ ಸಣ್ಣ ವರ್ಕ್‌ಶಾಪೊಂದರಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್. ಅವನಿಗೂ ಸೋಂಕಿತ್ತು. ಯಾರಿಂದ ಯಾರಿಗೆ ಎಂಬ ಮಾತು ನನ್ನೆದುರು ಇಬ್ಬರೂ ಆಡಲಿಲ್ಲ. ನಾನು ಮಗುವನ್ನು ಉಳಿಸಿಕೊಳ್ಳುವ ದಾರಿ ಹೇಳಿದೆ: ತಾಯಿ ದಿನವೂ ತಪ್ಪದೆ ಗುಳಿಗೆ ನುಂಗಬೇಕು, ಕೂಸಿಗೆ ಹುಟ್ಟಿದ ದಿನದಿಂದ ಆರು ವಾರ ಸಿರಪ್ ಹಾಕಬೇಕು, ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಅದರ ಬಾಯಿಗೆ ಹೋಗಬಾರದು. ಆಕೆ ಬೆಚ್ಚಿದ್ದು ಕೊನೆಯ ಮಾತಿಗೆ.

“ಗುಟ್ಟೀನೂ ಬ್ಯಾಡೇನ್ರಿ?”

ಬಜೆ, ಬಾದಾಮಿ, ಉತ್ತತ್ತಿ ತೇಯ್ದು ಕೂಸಿಗೆ ನೆಕ್ಕಿಸುವ ಗುಟ್ಟಿ. “ಬ್ಯಾಡ. ಡಾಕ್ಟರ್ ಬ್ಯಾಡಂದಾರ ಅಂತ ಮನ್ಯಾಗ ಹೇಳ್ರಿ.”

“ಆ ಡಾಕ್ಟರ್ ಎಷ್ಟು ಮಕ್ಕಳನ ಹಡದಾರ ಅಂತ ಕೇಳ್ತಾರ್ರಿ ನಮ್ಮತ್ತಿ. ಊರಿಂದ ಸಾಣಿಕಲ್ಲ ಸೈತ ತರಿಸಿ ಇಟ್ಕೊಂಡಾರ.”

ಗಂಡ ನಕ್ಕ. ಆಕೆಯೂ ನಕ್ಕಳು. ತವರಿನಲ್ಲಿ ತಾಯಿ ಇರಲಿಲ್ಲ, ಬಾಣಂತನ ಅತ್ತೆಯದೇ. ಎಲ್ಲವನ್ನೂ ಆ ಅತ್ತೆಯ ಕಣ್ಣೆದುರಿಗೇ, ಆಕೆಗೆ ತಿಳಿಯದಂತೆ ಮಾಡಬೇಕಿತ್ತು.

ಹೆಣ್ಣು ಮಗು ಹುಟ್ಟಿತು. ಸಿರಪ್ ಕಾಮಾಲೆ ಬರದಿರಲೆಂದು ಕೊಟ್ಟದ್ದು ಎಂದು ಮನೆಯಲ್ಲಿ ಹೇಳಿದರಂತೆ. ಅದಾಗಿ ಕೆಲವು ದಿನಕ್ಕೆ ನಮ್ಮ ಪಕ್ಕದ ಮನೆಯಾಕೆ ಬಂದು, “ಭಾನುವಾರ ಒಬ್ಬರ ಮನ್ಯಾಗ ಕೂಸಿನ್ನ ತೊಟ್ಟಲಕ್ಕ ಹಾಕ್ತಾರ, ಹದಿಮೂರನೇ ದಿನದ್ದು. ಕನ್ನಡದವರು ಅಂದ್ರ ನಾವು ಹತ್ತ ಮಂದಿ. ನೀವು ಬರದಿದ್ರ ಜೋಗುಳಾ ಹಾಡೋರು ಯಾರ್ರೀ?” ಎಂದಳು.

ಯಾರ ಮನೆಯೆಂದು ನನಗೆ ಗೊತ್ತಿರಲಿಲ್ಲ, ಬಾಗಿಲಲ್ಲಿ ಆ ಹುಡುಗಿಯನ್ನು ನೋಡಿ ಗಾಬರಿಯಾಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಚೆಗೆ ಹಳೆಯ ದಿನಚರಿ ತೆಗೆದರೆ ಆ ಭಾನುವಾರದ ಹಿಂದಿನ ಶುಕ್ರವಾರದ ಪುಟದಲ್ಲಿ ನನ್ನದೇ ಅಕ್ಷರ: “ಭಾನುವಾರ ತೊಟ್ಟಿಲು. ಕೂಸನ್ನು ನೋಡಬಹುದು.” ಹದಿಮೂರು ದಿನದ ಲೆಕ್ಕ ಹಾಕಿ, ಗೊತ್ತಿದ್ದೇ ಹೋಗಿದ್ದೆ. ನೋಡುವ ಆಸೆ ತಡೆಯಲಾಗಲಿಲ್ಲ, ಅಷ್ಟೇ.

ಮೊದಮೊದಲು ಇಬ್ಬರೂ ಚೆನ್ನಾಗಿಯೇ ನಟಿಸಿದೆವು. ಆಕೆ ನನಗೆ ಕುಂಕುಮ ಕೊಟ್ಟಳು. “ನಿಮ್ಮ ಊರು ಯಾವುದ್ರಿ?” ಎಂದು ಕೇಳಿದಳು ಕೂಡ. ಜೋಗುಳ ಮುಗಿಯಿತು. ಅತ್ತೆ ಬೆರಳಿನ ಬಂಗಾರದುಂಗುರ ತೆಗೆದು ಜೇನಿನ ಬಟ್ಟಲಲ್ಲಿ ಅದ್ದಿ ತೊಟ್ಟಿಲ ಮೇಲೆ ಬಾಗಿದರು. ಹುಡುಗಿ ನನ್ನತ್ತ ನೋಡಿದಳು. ನನ್ನ ಬಾಯಿಂದ ಮಾತು ಹಾರಿತು:

“ಬ್ಯಾಡ್ರಿ! ಆರು ತಿಂಗಳು ಹಾಲೊಂದ ಅಂತ ನಿನಗ ಅಷ್ಟು ಸಲ ಹೇಳೇನಲ್ಲವಾ!”

ಅತ್ತೆಯ ಕೈ ನಿಂತಿತು. ಒಂದು ಹನಿ ಜೇನು ಹೊಸ ದುಪ್ಪಟಿಯ ಮೇಲೆ ಬಿತ್ತು.

“ಯಾವಾಗ ಹೇಳಿದ್ರಿ? ನಮ್ಮ ಸೊಸಿ ನಿಮಗ ಮೊದಲ ಗುರ್ತೇನು?”

ಪಕ್ಕದ ಮನೆಯಾಕೆ ನನಗೆ ಸಹಾಯ ಮಾಡಲು ಹೋಗಿ, “ಇವರು ದವಾಖಾನ್ಯಾಗ ಇರ್ತಾರಲ್ರಿ, ಆ ಹೊಸ ಕಟ್ಟಡದ ಮೂಲೀ ಕೋಣಿ,” ಎಂದುಬಿಟ್ಟಳು. ಆ ಕೋಣೆ ಯಾವುದರದೆಂದು ತಿಳಿಯದವರು ಅಲ್ಲಿ ಕಡಿಮೆ. ಅತ್ತೆ ಉಂಗುರವನ್ನು ಸೆರಗಿನಿಂದ ಒರೆಸಿ ಬೆರಳಿಗೆ ಹಾಕಿಕೊಂಡರು. “ಊಟಕ್ಕ ಏಳ್ರಿ,” ಎಂದರು. ಉಂಡೆ. ಏನು ಉಂಡೆನೆಂದು ನೆನಪಿಲ್ಲ.

ಆಸ್ಪತ್ರೆಯಿಂದ ಕೊಟ್ಟ ಸಿರಪ್ ಮುಂದಿನ ಶುಕ್ರವಾರದವರೆಗೆ ಬರುತ್ತಿತ್ತು. ಅಷ್ಟರೊಳಗೆ ಬಂದು ಇನ್ನೊಂದು ಬಾಟಲಿ ಒಯ್ಯಬೇಕಿತ್ತು. ಸೋಮವಾರದಿಂದ ಗುರುವಾರದವರೆಗೆ ಯಾರೂ ಬರಲಿಲ್ಲ. ಫೋನು ಮಾಡಿದರೆ ಯಾರ ಕೈಯಲ್ಲಿರುತ್ತದೋ. ಮನೆಗೆ ಹೋಗುವ ಮಾತಂತೂ ಇಲ್ಲ. ಆಕೆಯನ್ನು ಮನೆಯಿಂದ ಹೊರಗೆ ಹಾಕಿರಬಹುದು, ಔಷಧ ಚೆಲ್ಲಿರಬಹುದು ಎಂದೆಲ್ಲ ಕಣ್ಣಿಗೆ ಕಟ್ಟುತ್ತಿತ್ತು. ನನ್ನೊಂದು ಮಾತಿನಿಂದ ಆ ಮಗುವಿಗೆ ಔಷಧ ತಪ್ಪಿದರೆ?

ಶುಕ್ರವಾರ ಬೆಳಿಗ್ಗೆ ಅತ್ತೆಯೇ ಬಂದರು, ಎದೆಗೆ ಕೂಸನ್ನು ಅವಚಿಕೊಂಡು. ಖಾಲಿ ಬಾಟಲಿ ಮೇಜಿನ ಮೇಲಿಟ್ಟರು.

“ಮುಂಜಾನಿ ಕಡೀ ಹನಿ ಹಾಕೀನಿ. ಇನ್ನೊಂದ ಕೊಡ್ರಿ.”

“ನೀವು ಹಾಕ್ತೀರೇನ್ರಿ, ಅಮ್ಮಾರ?”

“ಹುಟ್ಟಿದಾಗಿಂದ ನಾನ ಹಾಕೋದು. ಆಕಿ ಕೈ ನಡಗತಾವ.”

“ಸೊಸಿ ಎಲ್ಲಿ?”

“ಹೊರಗ ಗಿಡದ ಬುಡಕ ಕುಂತಾಳ, ಅಂಜಿಕೊಂಡು. ಯಾಕಂತ ನಾ ಕೇಳಿಲ್ಲ. ನೀವೂ ಹೇಳಬ್ಯಾಡ್ರಿ.” ಕೂಸಿನ ತಲೆಯ ಮೇಲಿನ ಕುಲಾಯಿ ಸರಿಮಾಡಿದರು. “ಒಂದ ಮಾತು ಮಾತ್ರ ಆಕಿಗೆ ತಿಳಿಸಿ ಹೇಳ್ರಿ. ತನ್ನ ಗುಳಿಗಿ ಡಬ್ಬಿ ಬಚ್ಚಲಮನಿ ಗ್ವಾಡಿ ಗೂಡಿನ್ಯಾಗ ಮುಚ್ಚಿಡತಾಳ. ಹಸಿ ಹತ್ತಿ ಕೆಟ್ಟು ಹೋಗತಾವ. ಅಡಗಿಮನ್ಯಾಗ ಇಡಲಿ. ನಾ ಅಂದ್ರ ನಾಚಿ ಸಾಯತಾಳ.”

ಇವರಿಗೆ ಎಷ್ಟು ದಿನದಿಂದ ಗೊತ್ತಿತ್ತು? ನನ್ನ ಮಾತು ಹಾರುವ ಮೊದಲೇ? ಕೇಳುವ ಹಕ್ಕು ನನಗಿರಲಿಲ್ಲ. “ನೀವ ಹೇಳ್ರಿ, ಅಮ್ಮಾರ,” ಎಂದಷ್ಟೇ ಅಂದೆ. ಅವರು ಬಾಗಿಲಿಗೆ ಹೋಗಿ ಕೂಗಿದರು: “ಏ ಹುಡುಗಿ, ಏಳು, ಒಳಗ ಬಾ. ಬಾಣಂತಿ ಗಾಳ್ಯಾಗ ಕುಂಡರಬಾರದು.”

ಹೊಸಬರಿಗೆ ತರಬೇತಿ ಕೊಡುವಾಗ ನಾನು ಈ ಸಂಗತಿ ಹೇಳುವುದಿಲ್ಲ. ಬಾಯಿ ಜಾರಿದರೂ ಕೊನೆಗೆ ಒಳ್ಳೆಯದೇ ಆಗುತ್ತದೆ ಎಂದುಕೊಂಡಾರು. ಇಂಥದೇ ಮಾತಿಗೆ ಮನೆ ಕಳೆದುಕೊಂಡ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಅಲ್ಲಿ ಮಗುವನ್ನು ಕಾಪಾಡಿದ್ದು ಏನನ್ನೂ ಕೆದಕಿ ಕೇಳದಿರುವ ಆ ಅತ್ತೆಯ ಗುಣ. ಅದನ್ನು ಯಾವ ಸರ್ಕಾರವೂ ಬಾಟಲಿಯಲ್ಲಿ ತುಂಬಿ ಕೊಡಲಾರದು.

ಆರನೆಯ ವಾರ ಕೂಸಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದರು. ಸೋಂಕು ಕಂಡುಬಂದಿಲ್ಲವೆಂದು ವರದಿ ಬಂತು. ಆದರೂ ಹದಿನೆಂಟನೆಯ ತಿಂಗಳ ಪರೀಕ್ಷೆಯಾಗುವ ತನಕ ನಿಶ್ಚಿಂತೆಯಿಲ್ಲ. ಅಷ್ಟರಲ್ಲಿ ಬ್ಯಾಂಕಿನಲ್ಲಿದ್ದ ನನ್ನ ಗಂಡನಿಗೆ ವರ್ಗವಾಗಿ ನಾವು ಈ ಊರಿಗೆ ಬಂದಿದ್ದೆವು.

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. “ಅಕ್ಕಾರ, ಕಡೀ ತಪಾಸಣೀನೂ ಆತ್ರಿ. ಏನೂ ಇಲ್ಲಂತ.” ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ದನಿ ಸೊಸೆಯದೋ ಅತ್ತೆಯದೋ, ಈಗ ಎಷ್ಟು ಯೋಚಿಸಿದರೂ ಖಾತ್ರಿಯಾಗುವುದಿಲ್ಲ. ಅದರ ಹಿಂದೆ ಒಂದು ಮಗು, ಫೋನು ತನಗೆ ಕೊಡೆಂದು, “ಮಲಾ ದೇ, ಮಲಾ ದೇ” ಎಂದು ಮರಾಠಿಯಲ್ಲಿ ಹಟ ಮಾಡುತ್ತಿತ್ತು.